ಜಠರವು ಯಾರ ಆಜ್ಞೆಗೆ ಮಣಿಯುತ್ತದೆ?

ಮಾನ್ವಿಯ ದಾಸಪರಂಪರೆಯಲ್ಲಿ ಒಂದು ಕಥೆ ಪ್ರಸಿದ್ಧವಾಗಿದೆ. ಹದಿನೆಂಟನೆಯ ಶತಮಾನದ ವಿದ್ವಾಂಸರಾದ ಶ್ರೀನಿವಾಸಾಚಾರ್ಯರನ್ನು ಚೀಕಲಪರವಿಯ ವಿಜಯದಾಸರು ಭೋಜನಕ್ಕೆ ಕರೆದಾಗ, ಅವರು ಹೊಟ್ಟೆನೋವಿನ ನೆಪ ಹೇಳಿದರಂತೆ. ಬಳಿಕ ನಿಜವಾದ ಉದರಶೂಲೆಯೇ ಅವರನ್ನು ಹಿಡಿಯಿತು. ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರ ಅನುಗ್ರಹದಿಂದ ಅದು ಶಮನವಾಯಿತೆಂದು ಹೇಳುತ್ತಾರೆ. ಮುಂದೆ ಅವರೇ ಜಗನ್ನಾಥದಾಸರೆಂದು ಖ್ಯಾತರಾದರು. ಕಥೆಯ ತಾತ್ಪರ್ಯ ಅಹಂಕಾರದ ಕುರಿತಾದುದು. ಆದರೆ ನಮ್ಮ ಇಚ್ಛೆಗೆ ಒಳಪಡದ ಅಂಗವೊಂದು ನಮ್ಮೊಳಗಿದೆ ಎಂಬ ಅರಿವೂ ಅದರಲ್ಲಿದೆ. ಕೈಯನ್ನು ನಾವು ಬೇಕೆಂದಾಗ ಎತ್ತಬಲ್ಲೆವು. ಜಠರಕ್ಕೆ ಅಪ್ಪಣೆ ಕೊಡಲಾರೆವು. ಹಾಗಾದರೆ ಅದು ಯಾರ ಮಾತು ಕೇಳುತ್ತದೆ?

ಯುನಾನಿ ಹಕೀಮರು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎತ್ತಿಕೊಂಡಿದ್ದರು. ಆಹಾರವನ್ನು ಸೆಳೆಯುವ, ಹಿಡಿದಿಡುವ, ಪಚನಗೊಳಿಸುವ ಮತ್ತು ಹೊರತಳ್ಳುವ ನಾಲ್ಕು ಶಕ್ತಿಗಳನ್ನು ಇಬ್ನ್ ಸೀನಾ ವಿವರಿಸಿದ್ದರು. ರಾಯಚೂರು ಆದಿಲಶಾಹಿಗಳ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಮುಹಮ್ಮದ್ ಖಾಸಿಂ ಫಿರಿಶ್ತಾ ವೈದ್ಯವಿದ್ಯೆಯನ್ನೂ ಬಲ್ಲವರಾಗಿದ್ದರು. ಅವರು ಭಾರತೀಯ ವೈದ್ಯವನ್ನು ಅಭ್ಯಸಿಸಿ ಪಾರ್ಸಿ ಭಾಷೆಯಲ್ಲಿ 'ದಸ್ತೂರುಲ್ ಅತಿಬ್ಬಾ' ಎಂಬ ಗ್ರಂಥವನ್ನು ರಚಿಸಿದರು. ಜ್ಞಾನಕ್ಕೆ ಮತದ ಗಡಿಯಿಲ್ಲವೆಂಬುದಕ್ಕೆ ನಮ್ಮ ನೆಲದ ಈ ನಿದರ್ಶನವೇ ಸಾಕು.

ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ರಷ್ಯಾದ ಪಾವ್ಲೋವ್, ಪಚನಕ್ರಿಯೆಯನ್ನು ನಡೆಸುವುದು ನರಗಳೆಂದು ಪ್ರತಿಪಾದಿಸಿದರು. 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಯೊಂದರ ಕರುಳಿನ ತುಂಡಿಗೆ ಹೋಗುವ ನರಗಳನ್ನೆಲ್ಲ ಕಡಿದು, ಅದರೊಳಗೆ ಆಮ್ಲವನ್ನು ಹಾಕಿದರು. ನರಗಳ ಸಂಪರ್ಕವಿಲ್ಲದಿದ್ದರೂ ಮೇದೋಜೀರಕ ಗ್ರಂಥಿಯು ರಸವನ್ನು ಸ್ರವಿಸಿತು. ಅಂದರೆ ಸಂದೇಶವು ರಕ್ತದ ಮೂಲಕ ಸಾಗಿತ್ತು. ಆ ದ್ರವ್ಯಕ್ಕೆ ಅವರು ಸೆಕ್ರೆಟಿನ್ ಎಂದು ಹೆಸರಿಟ್ಟರು. 'ಹಾರ್ಮೋನ್' ಎಂಬ ಪದವನ್ನು ಸ್ಟಾರ್ಲಿಂಗ್ ಬಳಕೆಗೆ ತಂದದ್ದು 1905ರಲ್ಲಿ. ತಮ್ಮ ಪ್ರಯೋಗಶಾಲೆಯಲ್ಲಿ ಅದೇ ಫಲಿತಾಂಶವನ್ನು ಕಂಡ ಪಾವ್ಲೋವ್ ಅದನ್ನು ಒಪ್ಪಿಕೊಂಡರು. ಇದು ವಿದ್ವಾಂಸನಿಗೆ ಶೋಭಿಸುವ ವಿನಯ.

ಆದರೆ ನರಗಳು ಸೋತವೆಂದು ಅರ್ಥವಲ್ಲ. ಇವೆರಡೂ ಪರಸ್ಪರ ಮಾತಾಡಿಕೊಳ್ಳುತ್ತವೆ ಎಂಬುದು ಕ್ರಮೇಣ ತಿಳಿಯಿತು. ಕೊಬ್ಬಿನಂಶವು ಸಣ್ಣ ಕರುಳನ್ನು ತಲುಪಿದೊಡನೆ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ಹೊರಬಂದು ವೇಗಸ್ ನರದ ತುದಿಗಳನ್ನು ಪ್ರಚೋದಿಸುತ್ತದೆ. ಸುದ್ದಿ ಮೆದುಳಿಗೆ ಹೋಗಿ ಮರಳುತ್ತದೆ. ಆಗ ಜಠರದ ಮೇಲ್ಭಾಗ ಸಡಿಲಗೊಂಡು, ಕೆಳಬಾಗಿಲು ಬಿಗಿಯಾಗಿ, ಆಹಾರ ನಿಧಾನವಾಗಿ ಇಳಿಯುತ್ತದೆ. ಹೊಟ್ಟೆ ಖಾಲಿಯಿರುವಾಗ ಮೋಟಿಲಿನ್ ಎಂಬ ಇನ್ನೊಂದು ಹಾರ್ಮೋನು ಸುಮಾರು 90ರಿಂದ 120 ನಿಮಿಷಗಳಿಗೊಮ್ಮೆ ಏರುತ್ತದೆ. ಆಗ ಎದ್ದ ಸ್ನಾಯುಗಳ ಅಲೆಯು ಉಳಿದ ಕಣಗಳನ್ನು ಗುಡಿಸಿ ಮುಂದಕ್ಕೆ ಸಾಗಿಸುತ್ತದೆ. ಹಸಿವನ್ನು ಸಾರುವ ಗ್ರೆಲಿನ್ 1999ರಲ್ಲಿ ಜಪಾನಿನಲ್ಲಿ ಪತ್ತೆಯಾಯಿತು.

ಉಪವಾಸಿಗನ ಹೊಟ್ಟೆ ಗುಡುಗುಡು ಎನ್ನುವಾಗ ಅದು ಬರಿಯ ದೂರಲ್ಲ. ಒಳಗೆ ನಡೆಯುವ ಸ್ವಚ್ಛತೆಯ ಸದ್ದೂ ಹೌದು. ಪದೇ ಪದೇ ತಿನ್ನುತ್ತಿದ್ದರೆ ಆ ಅಲೆಗೆ ಅವಕಾಶವೇ ಸಿಗದು. ಹೊಟ್ಟೆಯ ಮೂರನೆಯ ಒಂದು ಭಾಗವನ್ನು ಆಹಾರಕ್ಕೂ ಒಂದು ಭಾಗವನ್ನು ನೀರಿಗೂ ಬಿಟ್ಟು, ಉಳಿದುದನ್ನು ಉಸಿರಿಗೆ ಮೀಸಲಿಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆಯು ಇಫ್ತಾರಿನ ಎಣ್ಣೆತಿಂಡಿಗಳ ಮುಂದೆ ಕುಳಿತಾಗ ನಮಗೆ ನೆನಪಾಗಬೇಕು.

ಇನ್ನೊಂದು ಮಾತು ಅತಿಮುಖ್ಯವಾದುದು. ಬಹುಕಾಲದ ಮಧುಮೇಹವು ವೇಗಸ್ ನರವನ್ನು ಹಾನಿಗೊಳಿಸಿದರೆ, ಜಠರ ಬರಿದಾಗುವುದು ನಿಧಾನವಾಗುತ್ತದೆ. ಸಕ್ಕರೆಯ ಮಟ್ಟ ಏರುಪೇರಾಗುತ್ತದೆ. ರಾಯಚೂರಿನ ಸುಡುಬೇಸಿಗೆಯಲ್ಲಿ ರಮಝಾನ್ ಬಂದಾಗ ಅಂಥವರಿಗೆ ಅಪಾಯ ಹೆಚ್ಚು. ರೋಗಿಗೆ ಕುರ್‌ಆನ್ ರಿಯಾಯಿತಿ ನೀಡಿದೆ. ಮನೆಯ ಹಿರಿಯರು ಉಪವಾಸಕ್ಕೆ ಮುನ್ನ ವೈದ್ಯರನ್ನು ಕಾಣುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ನಮ್ಮ ಆಜ್ಞೆಗೆ ಮಣಿಯದ ಈ ಅಂಗವನ್ನು ಸೃಷ್ಟಿಕರ್ತನು ನಮ್ಮ ಕೈಗೆ ಅಮಾನತ್ತಾಗಿ ಒಪ್ಪಿಸಿದ್ದಾನೆ.