ಗಂಗೂಬಾಯಿ ಹಾನಗಲ್ ಅವರ ಕೌಟುಂಬಿಕ ಹಿನ್ನೆಲೆ

ಗಂಗೂಬಾಯಿ ಹಾನಗಲ್ (೫ ಮಾರ್ಚ್ ೧೯೧೩ – ೨೧ ಜುಲೈ ೨೦೦೯) ಕಿರಾನಾ ಘರಾಣೆಯ ಪ್ರಸಿದ್ಧ ಹಿಂದೂಸ್ತಾನಿ ಗಾಯಕಿ. ಅವರು ಧಾರವಾಡದಲ್ಲಿ ಜನಿಸಿದರು. ತಂದೆ ಚಿಕ್ಕೂರಾವ್ ನಾಡಿಗೇರ ಕೃಷಿಕರು; ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ತಂದೆಯ ಅಡ್ಡಹೆಸರು ಮಗಳಿಗೆ ಬರಲಿಲ್ಲ. ತಾಯಿಯ ಕಡೆಯ ಪೂರ್ವಜರ ಊರಾದ, ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲಿನ ಹೆಸರೇ ಅವರೊಡನೆ ಉಳಿಯಿತು.

ಹಾಡುವ ಹೆಣ್ಣುಮಕ್ಕಳನ್ನು ಸಮಾಜವು ಹಗುರವಾಗಿ ಕಾಣುತ್ತಿದ್ದ ಕಾಲವದು. ಬೀದಿಯಲ್ಲಿ ಕೇಳಬೇಕಾಗಿದ್ದ ಮೂದಲಿಕೆಯ ಮಾತುಗಳನ್ನು ಗಂಗೂಬಾಯಿಯವರು ಮುಂದೆ ನೆನಪಿಸಿಕೊಂಡಿದ್ದಾರೆ. ಅವರ ಸಂಗೀತದ ಬೆಳವಣಿಗೆಯಲ್ಲಿ ತಾಯಿಯ ಪಾಲು ಗುರುಗಳ ಪಾಲಿಗಿಂತ ಕಡಿಮೆಯೇನಲ್ಲ. ಮಗಳು ಹಿಂದೂಸ್ತಾನಿ ಪದ್ಧತಿಗೆ ಒಲಿದಾಗ, ತಮ್ಮ ಶೈಲಿಯ ಛಾಯೆ ಅವಳ ಕಂಠಕ್ಕೆ ತಾಗಬಾರದೆಂದು ಅಂಬಾಬಾಯಿ ತಮ್ಮ ಹಾಡುಗಾರಿಕೆಯನ್ನೇ ಕೈಬಿಟ್ಟರು. ಮಗಳ ಶಿಕ್ಷಣಕ್ಕಾಗಿಯೇ ೧೯೨೮ರಲ್ಲಿ ಕುಟುಂಬವು ಹುಬ್ಬಳ್ಳಿಗೆ ಬಂದು ನೆಲೆಸಿತು. ೧೯೩೨ರಲ್ಲಿ ಅಂಬಾಬಾಯಿ ತೀರಿಕೊಂಡರು. ಕುಂದಗೋಳದ ಸವಾಯಿ ಗಂಧರ್ವರಲ್ಲಿ ಮಗಳು ಪಡೆದ ದೀರ್ಘ ಶಿಕ್ಷಣವನ್ನಾಗಲಿ, ಅದರ ಫಲವನ್ನಾಗಲಿ ಅವರು ಕಾಣಲಿಲ್ಲ.

ಗಂಗೂಬಾಯಿಯವರು ಹದಿನಾರರ ವಯಸ್ಸಿನಲ್ಲಿ ವಕೀಲ ಗುರುರಾವ್ ಕೌಲಗಿಯವರ ಕೈಹಿಡಿದರು. ಸಂಸಾರದ ಹೊರೆ ಬಹುಮಟ್ಟಿಗೆ ಅವರ ಗಾಯನದ ಸಂಪಾದನೆಯ ಮೇಲೆಯೇ ನಿಂತಿತ್ತು. ನಾರಾಯಣ ಮತ್ತು ಬಾಬುರಾವ್ ಪುತ್ರರು, ಕೃಷ್ಣಾ ಪುತ್ರಿ. ಕಛೇರಿಗಳಲ್ಲಿ ತಾಯಿಯ ಹಿಂದೆ ಕುಳಿತು ದನಿಗೂಡಿಸುತ್ತಿದ್ದ ಕೃಷ್ಣಾ ಹಾನಗಲ್ ಸ್ವತಃ ಸಮರ್ಥ ಗಾಯಕಿ. ಅವರು ತಾಯಿಗಿಂತ ಮೊದಲೇ, ೨೦೦೪ರಲ್ಲಿ, ನಿಧನರಾದರು.