ದೂರದ ಓಟಗಳ ದೂರದರ್ಶನ ನೇರಪ್ರಸಾರ: ತಾಂತ್ರಿಕ ಸಮಸ್ಯೆಗಳು ಮತ್ತು ಪೂರ್ವಸಿದ್ಧತೆ

ಪೀಠಿಕೆ

ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಮಟ್ಟದ 10 ಕಿ.ಮೀ. ರಸ್ತೆ ಓಟವು 2008ರಲ್ಲಿ ಪ್ರಾರಂಭವಾಯಿತು. 2022ರಲ್ಲಿ ಕೀನ್ಯಾದ ನಿಕೋಲಸ್ ಕಿಮೆಲಿ ಅವರು ಈ ದೂರವನ್ನು 27 ನಿಮಿಷ 38 ಸೆಕೆಂಡುಗಳಲ್ಲಿ, ಅಂದರೆ ಗಂಟೆಗೆ ಸುಮಾರು 21.7 ಕಿ.ಮೀ. ವೇಗದಲ್ಲಿ ಕ್ರಮಿಸಿದರು. ಕ್ರೀಡಾಂಗಣದ ಆಟಗಳಿಗೆ ಕ್ಯಾಮೆರಾಗಳನ್ನು ಕೇಬಲ್ ಮೂಲಕ ಜೋಡಿಸಬಹುದಾಗಿದೆ. ರಸ್ತೆ ಓಟದಲ್ಲಿ ಕ್ಯಾಮೆರಾ ಸಹ ಓಟಗಾರರೊಂದಿಗೆ ಚಲಿಸಬೇಕಾಗುವುದರಿಂದ ನಿಸ್ತಂತು ಸಂಪರ್ಕ ಅನಿವಾರ್ಯ. ನಿರ್ಣಾಯಕ ಕ್ಷಣದಲ್ಲಿ ಸಂಪರ್ಕ ಕಡಿದಲ್ಲಿ ಆ ದೃಶ್ಯವನ್ನು ಮತ್ತೆ ಪಡೆಯಲು ಸಾಧ್ಯವಿರುವುದಿಲ್ಲ.

1. ಚಿತ್ರವು ಸಾಗುವ ಹಾದಿ

ಸಾಮಾನ್ಯವಾಗಿ ಮೋಟಾರ್ ಸೈಕಲ್ ಮೇಲಿನ ಕ್ಯಾಮೆರಾದ ಚಿತ್ರವು ಮೈಕ್ರೋವೇವ್ ತರಂಗಗಳ ಮೂಲಕ ಮೇಲೆ ಹಾರುವ ಹೆಲಿಕಾಪ್ಟರ್‌ಗೆ ಅಥವಾ ಎತ್ತರದ ಕಟ್ಟಡದ ಮೇಲಿನ ಗ್ರಾಹಕಕ್ಕೆ ತಲುಪುತ್ತದೆ. ಅಲ್ಲಿಂದ ಓ.ಬಿ. ವ್ಯಾನ್‌ಗೆ, ತದನಂತರ ಉಪಗ್ರಹದ ಮೂಲಕ ವಾಹಿನಿಯ ಕೇಂದ್ರಕ್ಕೆ ರವಾನೆಯಾಗುತ್ತದೆ. ಈ ಸರಪಳಿಯಲ್ಲಿ ಮೊದಲನೆಯ ಕೊಂಡಿಯೇ ಅತ್ಯಂತ ದುರ್ಬಲವಾದುದು. ಪುರುಷರ ಮತ್ತು ಮಹಿಳೆಯರ ಓಟಗಳನ್ನು ಏಕಕಾಲದಲ್ಲಿ ತೋರಿಸಬೇಕಾದಲ್ಲಿ ಪ್ರತಿಯೊಂದಕ್ಕೂ ಪ್ರತ್ಯೇಕ ವಾಹನ ಮತ್ತು ಪ್ರತ್ಯೇಕ ತರಂಗಾಂತರದ ಅವಶ್ಯಕತೆ ಇರುತ್ತದೆ.

2. ಪ್ರಮುಖ ಸಮಸ್ಯೆಗಳು

ಅ) ಮರಗಳು: ಎಲೆಗಳಲ್ಲಿನ ನೀರಿನ ಅಂಶವು ಮೈಕ್ರೋವೇವ್ ತರಂಗಗಳನ್ನು ಹೀರಿಕೊಳ್ಳುತ್ತದೆ. ಸಾಲುಮರಗಳ ರಸ್ತೆಗಳಲ್ಲಿ ಈ ತೊಂದರೆ ಹೆಚ್ಚು.

ಆ) ಪ್ರತಿಫಲನ: ಕಟ್ಟಡಗಳಿಗೆ ಬಡಿದು ಬರುವ ತರಂಗಗಳು ಮೂಲ ತರಂಗದೊಂದಿಗೆ ಬೆರೆತು ಚಿತ್ರವನ್ನು ಕೆಡಿಸುತ್ತವೆ. ಮಾಹಿತಿಯನ್ನು ನೂರಾರು ಸಣ್ಣ ವಾಹಕಗಳಲ್ಲಿ ಹಂಚಿ ಕಳುಹಿಸುವ ಡಿಜಿಟಲ್ ವಿಧಾನವು ಈ ತೊಂದರೆಯನ್ನು ಬಹುಮಟ್ಟಿಗೆ ನಿವಾರಿಸಿದೆ.

ಇ) ವಿಳಂಬ: ಭೂಸ್ಥಿರ ಉಪಗ್ರಹವು ಸುಮಾರು 36,000 ಕಿ.ಮೀ. ಎತ್ತರದಲ್ಲಿರುವುದರಿಂದ ಒಂದು ಜಿಗಿತಕ್ಕೆ ಕಾಲು ಸೆಕೆಂಡ್ ಬೇಕು. ಅನೇಕ ಮೊಬೈಲ್ ಸಿಮ್‌ಗಳನ್ನು ಒಟ್ಟುಗೂಡಿಸಿ ಚಿತ್ರ ಕಳುಹಿಸುವ ವಿಧಾನದಲ್ಲಿ ವಿಳಂಬವು ಇನ್ನೂ ಹೆಚ್ಚು. ಮುಕ್ತಾಯದ ಗೆರೆಯ ಕ್ಯಾಮೆರಾ ಕೇಬಲ್‌ನಲ್ಲಿದ್ದರೆ, ಮೋಟಾರ್ ಸೈಕಲ್ ಚಿತ್ರದಲ್ಲಿ ಇನ್ನೂ ಓಡುತ್ತಿರುವ ಕ್ರೀಡಾಪಟು ಅಲ್ಲಿ ಆಗಲೇ ಗೆದ್ದಿರುವಂತೆ ಕಾಣಬಹುದು. ಆದುದರಿಂದ ಬೇಗ ಬರುವ ಚಿತ್ರವನ್ನು ತಡೆಹಿಡಿದು ಎರಡನ್ನೂ ಹೊಂದಿಸಬೇಕಾಗುತ್ತದೆ.

ಈ) ಜನಸಂದಣಿ: ಸಾವಿರಾರು ಜನರು ಒಂದೆಡೆ ಮೊಬೈಲ್ ಬಳಸಿದಾಗ ಜಾಲವು ದಟ್ಟಣೆಗೊಳ್ಳುತ್ತದೆ. ಆದ್ದರಿಂದ ಮೊಬೈಲ್ ಸಂಪರ್ಕವನ್ನೇ ಏಕೈಕ ಆಧಾರವಾಗಿ ಇಟ್ಟುಕೊಳ್ಳುವುದು ಸೂಕ್ತವಲ್ಲ.

3. ಉತ್ತರ ಬೆಂಗಳೂರಿನ ಸ್ಥಿತಿಗತಿ

ಬಳ್ಳಾರಿ ರಸ್ತೆಯಲ್ಲಿ ಓಟದ ಮಾರ್ಗವನ್ನು ರೂಪಿಸುವವರು ಹೆಬ್ಬಾಳದ ಮೇಲ್ಸೇತುವೆ ಹಾಗೂ ಅದರಾಚೆಗಿನ ಎತ್ತರಿಸಿದ ರಸ್ತೆಯನ್ನು ಗಮನಿಸತಕ್ಕದ್ದು. ಇವುಗಳ ಕೆಳಗೆ ಸಾಗುವಾಗ ಹೆಲಿಕಾಪ್ಟರ್‌ನೊಂದಿಗಿನ ನೇರದೃಷ್ಟಿ ತಪ್ಪುತ್ತದೆ. ಯಶವಂತಪುರದಲ್ಲಿ ಮೆಟ್ರೋ ಮಾರ್ಗದ ಕೆಳಗೂ ಇದೇ ಪರಿಸ್ಥಿತಿ. ಇಂತಹ ಕಡೆಗಳಲ್ಲಿ ನೆಲಮಟ್ಟದ ಹೆಚ್ಚುವರಿ ಗ್ರಾಹಕಗಳನ್ನು ಅಳವಡಿಸುವುದು ಅವಶ್ಯಕ. ಯಲಹಂಕ ವಾಯುಪಡೆ ನಿಲ್ದಾಣ, ಜಕ್ಕೂರು ವಿಮಾನ ಕ್ಷೇತ್ರ ಹಾಗೂ 2008ರಲ್ಲಿ ಆರಂಭವಾದ ದೇವನಹಳ್ಳಿ ಬಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇದೇ ದಿಕ್ಕಿನಲ್ಲಿರುವುದರಿಂದ ಹೆಲಿಕಾಪ್ಟರ್ ಮತ್ತು ಡ್ರೋನ್‌ಗಳ ಹಾರಾಟವು ನಿರ್ಬಂಧಕ್ಕೊಳಪಟ್ಟಿರುತ್ತದೆ.

4. ಅನುಮತಿಗಳು

• ತರಂಗಾಂತರ ಬಳಕೆಗೆ ಕೇಂದ್ರ ದೂರಸಂಪರ್ಕ ಇಲಾಖೆಯ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗದ ಪರವಾನಗಿ.
• ಡ್ರೋನ್ ಬಳಕೆಗೆ 2021ರ ಡ್ರೋನ್ ನಿಯಮಗಳ ಪಾಲನೆ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ.
• ಹೆಲಿಕಾಪ್ಟರ್ ಹಾರಾಟಕ್ಕೆ ವಾಯು ಸಂಚಾರ ನಿಯಂತ್ರಣ ಪ್ರಾಧಿಕಾರಗಳ ಒಪ್ಪಿಗೆ. ರಸ್ತೆ ಬಳಕೆಗೆ ಸಂಚಾರ ಪೊಲೀಸರ ಅನುಮತಿ.

5. ಪೂರ್ವಸಿದ್ಧತೆ

ಓಟಕ್ಕೆ ಮುಂಚಿತವಾಗಿ ಅದೇ ಮಾರ್ಗದಲ್ಲಿ, ಅದೇ ವೇಗದಲ್ಲಿ ವಾಹನ ಓಡಿಸಿ ಸಂಪರ್ಕ ಕಡಿಯುವ ಸ್ಥಳಗಳನ್ನು ನಕ್ಷೆಯಲ್ಲಿ ಗುರುತಿಸತಕ್ಕದ್ದು. ಆ ಸ್ಥಳಗಳಲ್ಲಿ ಸ್ಥಿರ ಕ್ಯಾಮೆರಾ ಇರಿಸಿದಲ್ಲಿ ವೀಕ್ಷಕರಿಗೆ ಓಟವು ಅಖಂಡವಾಗಿ ಕಾಣುತ್ತದೆ. ಆಂಬುಲೆನ್ಸ್ ಮತ್ತು ಪೊಲೀಸ್ ನಿಸ್ತಂತು ಸೇವೆಗಳಿಗೆ ಅಡಚಣೆಯಾದಲ್ಲಿ ಓಟಗಾರರ ಪ್ರಾಣಕ್ಕೇ ಅಪಾಯ ಉಂಟಾಗಬಹುದು. ಆದ್ದರಿಂದ ಮಂಜೂರಾದ ತರಂಗಾಂತರವನ್ನು ಮಾತ್ರ ಬಳಸತಕ್ಕದ್ದು. ಕ್ಯಾಮೆರಾ ವಾಹನಗಳಿಗೆ ದಾರಿ ಬಿಟ್ಟು, ತಡೆಬೇಲಿಯ ಹೊರಗೆ ನಿಂತು ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.