ಎಣಿಸಿ ಬರೆದಿಟ್ಟ ಆರೈಕೆ



ಪರೇಲಿನ ಕೆಇಎಂ ಆಸ್ಪತ್ರೆ ಎಂದೊಡನೆ ಮುಂಬೈ ಕನ್ನಡಿಗರಿಗೆ ನೆನಪಾಗುವ ಹೆಸರು ಅರುಣಾ ಶಾನಭಾಗ. ಹೊನ್ನಾವರದ ಹಳದೀಪುರದಿಂದ ಬಂದು ಇಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ ನಡೆದ ಹಲ್ಲೆಯಿಂದ ಮಿದುಳಿಗೆ ಪೆಟ್ಟಾಯಿತು. 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅಲ್ಲಿನ ಸಿಸ್ಟರುಗಳೇ ಅವರನ್ನು ನೋಡಿಕೊಂಡರು. 2011ರಲ್ಲಿ ದಯಾಮರಣದ ಅರ್ಜಿಯ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು ಒಂದು ಸಂಗತಿಯನ್ನು ಗಮನಿಸಿತು: ಅಷ್ಟು ವರ್ಷ ಮಲಗಿದ್ದರೂ ಅವರ ಮೈಮೇಲೆ ಒಂದೂ ಹಾಸಿಗೆ ಹುಣ್ಣಿರಲಿಲ್ಲ.

ಇದನ್ನು ಸೇವೆ ಎಂದು ಹೊಗಳಿ ಕೈಮುಗಿಯುತ್ತೇವೆ. ಇದು ವಿದ್ಯೆಯೂ ಹೌದು. ಆದರೆ ಕೈಯಲ್ಲಿರುವ ವಿದ್ಯೆ ಕಾಗದಕ್ಕಿಳಿಯದಿದ್ದರೆ ಪಕ್ಕದ ವಾರ್ಡಿಗೂ ದಾಟುವುದಿಲ್ಲ.

ಈ ಮಾತನ್ನು ಮೊದಲು ಅರಿತವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಒಬ್ಬರು. ದೀಪ ಹಿಡಿದ ಆ ತಾಯಿ ಲೆಕ್ಕದಲ್ಲೂ ಗಟ್ಟಿಗಿತ್ತಿ! ಭಾರತಕ್ಕೆ ಒಮ್ಮೆಯೂ ಬಾರದೆ, ಇಲ್ಲಿನ ದಂಡಿನ ಠಾಣೆಗಳಿಂದ ಉತ್ತರ ತರಿಸಿ ಅಭ್ಯಸಿಸಿದರು. ಇಲ್ಲಿದ್ದ ಬ್ರಿಟಿಷ್ ಸಿಪಾಯಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದಾರೆಂದು 1863ರ ವರದಿ ತೋರಿಸಿತು. ಹೆಚ್ಚಿನವರನ್ನು ಕೊಂದದ್ದು ಯುದ್ಧವಲ್ಲ, ಕೊಳಕು ನೀರು ಮತ್ತು ಚರಂಡಿ.

ನಮ್ಮಲ್ಲಿ ಎಣಿಸುವುದಿರಲಿ, ಆರೈಕೆಗೇ ಜನರಿರಲಿಲ್ಲ. 1946ರ ಭೋರ್ ಸಮಿತಿ ಕಂಡಂತೆ 43,000 ಜನರಿಗೆ ಒಬ್ಬ ನರ್ಸ್. ಅದೇ ವರ್ಷ ದೆಹಲಿ ಮತ್ತು ವೆಲ್ಲೂರಿನಲ್ಲಿ ನರ್ಸಿಂಗ್ ಪದವಿ ಶಿಕ್ಷಣ ಶುರುವಾಯಿತು. ನಮ್ಮ ಮುಂಬೈಯಲ್ಲಿ, ಮಹರ್ಷಿ ಕರ್ವೆ ಕಟ್ಟಿದ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯ 1964ರಲ್ಲಿ ಲೀಲಾಬಾಯಿ ಠಾಕರ್ಸಿ ನರ್ಸಿಂಗ್ ಕಾಲೇಜು ತೆರೆಯಿತು. ಮುಂದೆ ನರ್ಸಿಂಗ್ ಪಿಎಚ್.ಡಿ.ಗೆಂದು ಭಾರತೀಯ ನರ್ಸಿಂಗ್ ಪರಿಷತ್ತು ರಾಷ್ಟ್ರೀಯ ಒಕ್ಕೂಟ ರಚಿಸಿದಾಗ ಕೈಜೋಡಿಸಿದ್ದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ.

ಸಂಶೋಧನೆಯಿಂದ ರೋಗಿಗೇನು ಲಾಭ ಅಂತೀರಾ? ಮಲಗಿದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಬೇಕೆಂಬುದು ಹಳೆಯ ಪಾಠ. ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಎಂಬ ನರ್ಸಿಂಗ್ ಪ್ರಾಧ್ಯಾಪಕಿ ಅಮೆರಿಕ, ಕೆನಡಾಗಳ 27 ಶುಶ್ರೂಷಾಗೃಹಗಳಲ್ಲಿ 942 ಹಿರಿಯರ ಮೇಲೆ ಅದನ್ನು ಪರೀಕ್ಷಿಸಿದರು. ಒಳ್ಳೆಯ ಫೋಮ್ ಹಾಸಿಗೆಯಿದ್ದರೆ ಎರಡು, ಮೂರು, ನಾಲ್ಕು ಗಂಟೆಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂದು 2013ರಲ್ಲಿ ಪ್ರಕಟಿಸಿದರು. ನಮ್ಮ ತೆಳು ಹಾಸಿಗೆಗೆ, ಸೆಕೆಗೆ, ಕಿಕ್ಕಿರಿದ ವಾರ್ಡಿಗೆ ಅದು ಹೊಂದೀತೇ? ಅದನ್ನು ಇಲ್ಲಿಯೇ ಎಣಿಸಬೇಕು. ಒಂದು ಪಾಳಿಗೆ ಎಷ್ಟು ಸಿಸ್ಟರುಗಳು ಬೇಕೆಂಬ ಪ್ರಶ್ನೆಗೂ ಅದರಲ್ಲಿ ಉತ್ತರವಿದೆ.

ಅದಕ್ಕೆ ಬೇಕಾದದ್ದು ಪಾಳಿಯಿಂದ ಒಂದಿಷ್ಟು ಬಿಡುವು, ಅಂಕಿಸಂಖ್ಯೆ ಬಲ್ಲ ಒಬ್ಬರ ನೆರವು, ನೈತಿಕ ಸಮಿತಿಯ ಒಪ್ಪಿಗೆ, ಸಣ್ಣದೊಂದು ಅನುದಾನ. ನಿಮ್ಮ ಮನೆಯಲ್ಲೂ ಸಿಸ್ಟರ್ ಆಗಿರುವ ಅಕ್ಕನೋ ಮಗಳೋ ಇರಬಹುದು. ಅವರಿಗೆ ಎಂ.ಎಸ್ಸಿ., ಪಿಎಚ್.ಡಿ. ಮಾಡುವ ಮನಸ್ಸಿದ್ದರೆ "ಈಗ್ಯಾಕೆ ಓದು?" ಎನ್ನಬೇಡಿ. ಅವರು ಬರೆದಿಟ್ಟದ್ದು ನಾಳೆ ನಮ್ಮದೇ ಬೆನ್ನನ್ನು ಕಾಯಬಹುದು.